ಗಾಲ್ಫ್ ಅಂಕ ಇಳಿಯಲಿ, ಬೆನ್ನು ಉಳಿಯಲಿ

ಬೇರೆ ಆಟಗಳಲ್ಲಿ ಅಂಕ ಏರಿದರೆ ಸಂತೋಷ. ಗಾಲ್ಫಿನಲ್ಲಿ ಇಳಿದರೆ ಸಂತೋಷ. ಹದಿನೆಂಟು ಹೋಲ್‌ಗಳನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತೀರಿ ಎಂಬುದೇ ಇಲ್ಲಿನ ಲೆಕ್ಕ. ಐವತ್ತು ದಾಟಿದ ಮೇಲೆ ಈ ಆಟಕ್ಕೆ ಬಂದವರು ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ವೈದ್ಯರು ನಡೆಯಿರಿ ಎಂದಿರುತ್ತಾರೆ, ಒಬ್ಬರೇ ನಡೆಯಲು ಬೇಸರ, ಗೆಳೆಯರು ಕರೆಯುತ್ತಾರೆ. ವರ್ಷ ಕಳೆಯುವುದರೊಳಗೆ 110 ಹೊಡೆತಗಳನ್ನು 95ಕ್ಕೆ ಇಳಿಸಬೇಕೆಂಬ ಹಠ ಹುಟ್ಟುತ್ತದೆ. ಭಾನುವಾರ ಬೆಳಿಗ್ಗೆ ಡ್ರೈವಿಂಗ್ ರೇಂಜಿಗೆ ಹೋಗಿ, ಚೀಲದಲ್ಲಿರುವ ಅತಿ ಉದ್ದದ ಕ್ಲಬ್ಬಾದ ಡ್ರೈವರ್ ಹಿಡಿದು ಬಿಡುವಿಲ್ಲದೆ ಇನ್ನೂರು ಚೆಂಡು ಹೊಡೆಯುತ್ತಾರೆ. ಸೋಮವಾರ ಕಾಫಿ ಲೋಟ ಎತ್ತಲು ಮೊಣಕೈ ಒಪ್ಪುವುದಿಲ್ಲ, ಹಾಸಿಗೆಯಿಂದ ಏಳಲು ಸೊಂಟ ಒಪ್ಪುವುದಿಲ್ಲ.

ಇದೇಕೆ ಹೀಗೆ? ಪೂರ್ತಿ ಬೀಸಿನಲ್ಲಿ ಭುಜಗಳು ಹೆಚ್ಚು ತಿರುಗುತ್ತವೆ, ಸೊಂಟದ ಕೆಳಭಾಗ ಅದಕ್ಕಿಂತ ಕಡಿಮೆ ತಿರುಗುತ್ತದೆ. ನಡುವೆ ಸಿಕ್ಕ ಬೆನ್ನುಮೂಳೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಸೊಂಟದ ಭಾಗದ ಐದು ಕಶೇರುಕಗಳು ಮುಂದಕ್ಕೆ ಹಿಂದಕ್ಕೆ ಬಾಗಲು ಚೆನ್ನಾಗಿ ಒದಗುತ್ತವೆಯೇ ಹೊರತು ತಿರುಚಲು ಅಷ್ಟಾಗಿ ಒದಗುವುದಿಲ್ಲ. ಆ ಕೆಲಸ ಎದೆಯ ಭಾಗದ ಬೆನ್ನುಮೂಳೆ ಮತ್ತು ತೊಡೆಯ ಬುಡದ ಕೀಲುಗಳದು. ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ದುಡಿದವರಲ್ಲಿ ಈ ಎರಡೂ ಬಿಗಿದಿರುತ್ತವೆ. ಹೊರೆಯೆಲ್ಲ ಸೊಂಟದ ಡಿಸ್ಕುಗಳ ಮೇಲೆ, ಸಣ್ಣ ಕೀಲುಗಳ ಮೇಲೆ ಬೀಳುತ್ತದೆ.

ಮೊಣಕೈ ಒಳಮಗ್ಗುಲಿನ ನೋವಿಗೆ ‘ಗಾಲ್ಫರ್ಸ್ ಎಲ್ಬೋ’ ಎಂದೇ ಹೆಸರು. ಮಣಿಕಟ್ಟನ್ನು ಮಡಿಸುವ ಸ್ನಾಯುಗಳ ರಜ್ಜು ಅಲ್ಲಿ ಮೂಳೆಗೆ ಅಂಟಿಕೊಂಡಿದೆ. ಕ್ಲಬ್ಬನ್ನು ಜೀವ ಹೋಗುವಂತೆ ಬಿಗಿಹಿಡಿಯುವುದು, ಚೆಂಡಿನ ಬದಲು ನೆಲಕ್ಕೆ ಹೊಡೆಯುವುದು, ತೆಳು ಚಾಪೆಯ ಕೆಳಗಿನ ಕಾಂಕ್ರೀಟಿನ ಪೆಟ್ಟು, ಎಲ್ಲವೂ ಆ ಜಾಗಕ್ಕೇ ತಟ್ಟುತ್ತವೆ. ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದಕ್ಕೇ ವಾಸಿಯಾಗಲು ವಾರಗಳಲ್ಲ, ತಿಂಗಳುಗಳೇ ಬೇಕಾಗುತ್ತವೆ.

ಈಗ ಒಂದು ಲೆಕ್ಕ ಮಾಡಿ ನೋಡಿ. ಪಾರ್ 72ರ ಮೈದಾನದಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಎಂದು ಹಿಡಿಯಲಾಗಿದೆ, ಅಂದರೆ 36. ಡ್ರೈವರ್ ಕೈಗೆ ಬರುವುದು ಸಾಮಾನ್ಯವಾಗಿ ಹೆಚ್ಚೆಂದರೆ ಹದಿನಾಲ್ಕು ಬಾರಿ. ನಾಲ್ಕು ಗಿಡ್ಡ ಹೋಲ್‌ಗಳಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಹದಿನಾಲ್ಕು ಹೊಡೆತಕ್ಕಾಗಿ ಇನ್ನೂರು ಚೆಂಡು, ಮೂವತ್ತಾರಕ್ಕೆ ಐದು ನಿಮಿಷ! ಇದು ಯಾವ ನ್ಯಾಯವೋ ತಿಳಿಯದು. ಮುಂದಿನ ಮೂರು ಆಟಗಳಲ್ಲಿ ಸ್ಕೋರ್‌ಕಾರ್ಡಿನ ಅಂಚಿನಲ್ಲಿ ಪಟ್‌ಗಳ ಸಂಖ್ಯೆ, ಗ್ರೀನ್ ಸುತ್ತಮುತ್ತ ಕಳೆದ ಹೊಡೆತಗಳ ಸಂಖ್ಯೆ ಬರೆದಿಡಿ. ಅಂಕ ಎಲ್ಲಿ ಸೋರುತ್ತಿದೆ ಎಂದು ನಿಮಗೇ ಕಾಣುತ್ತದೆ.

ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು, ಒಂದೇ ಹೊಡೆತದಿಂದ ಪದಕ ತಪ್ಪಿತು. ಅದೇ ವರ್ಷ ಕೋವಿಡ್‌ನಿಂದ ಎದ್ದು ಬಂದಿದ್ದ ಅವರು ದೂರ ಹೊಡೆಯುವುದರಲ್ಲಿ ಪ್ರತಿಸ್ಪರ್ಧಿಗಳಿಗಿಂತ ಹಿಂದಿದ್ದರು. ಆದರೂ ಜಗತ್ತಿನ ಶ್ರೇಷ್ಠರ ನಡುವೆ ಅವರನ್ನು ನಿಲ್ಲಿಸಿದ್ದು ಪಟ್ಟರ್ ಮತ್ತು ಸಮೀಪದ ಆಟ.

ಹಾಗಾದರೆ ಅಭ್ಯಾಸ ಹೇಗಿರಬೇಕು? ಒಂದು ಗಂಟೆ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಗ್ರೀನ್ ಮತ್ತು ಅದರ ಅಂಚಿಗೆ ಕೊಡಿ. ಒಂದು ಮೀಟರ್ ದೂರದಲ್ಲಿ ಕುಳಿಯ ಸುತ್ತ ಆರು ಚೆಂಡು ಇಟ್ಟು ಎಲ್ಲವನ್ನೂ ಒಳಕ್ಕೆ ಹಾಕಿ. ಒಂದು ತಪ್ಪಿದರೆ ಮೊದಲಿನಿಂದ. ಬಳಿಕ ಹತ್ತು ಮೀಟರಿನಿಂದ ಕುಳಿಗೆ ಗುರಿಯಿಡದೆ, ಚೆಂಡು ಒಂದು ಮಾರಿನೊಳಗೆ ನಿಲ್ಲುವಂತೆ ವೇಗ ಮಾತ್ರ ಕಲಿಯಿರಿ. ಮೂರು ಪಟ್‌ಗಳ ಕಾಟ ತಪ್ಪುವುದು ಇದರಿಂದಲೇ. ಹುಲ್ಲಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಚೆಂಡು ಬೀಳಿಸುವುದು ಚಿಪ್ ಹೊಡೆತಕ್ಕೆ ಒಳ್ಳೆಯ ಪಾಠ. ಮನೆಯಲ್ಲಿ ಜಮಖಾನದ ಮೇಲೆ ಅಡ್ಡ ಮಲಗಿಸಿದ ಲೋಟಕ್ಕೆ ಪಟ್ ಮಾಡಿದರೂ ನಷ್ಟವಿಲ್ಲ, ಮನೆಯವರು ಲೋಟ ಹುಡುಕುವವರೆಗೆ. ಆದರೆ ಪಟ್ ಮಾಡುವಾಗ ಬಗ್ಗಿಯೇ ನಿಲ್ಲುವುದರಿಂದ ಹತ್ತು ನಿಮಿಷಕ್ಕೊಮ್ಮೆ ನೆಟ್ಟಗಾಗಿ ನಾಲ್ಕು ಹೆಜ್ಜೆ ನಡೆಯಿರಿ.

ಪೂರ್ತಿ ಬೀಸಿನ ಹೊಡೆತಗಳು ಐವತ್ತು ದಾಟಿದವರಿಗೆ ಒಂದು ಸಲಕ್ಕೆ ನಲವತ್ತು ಐವತ್ತು ಸಾಕು, ಅದೂ ದಿನ ಬಿಟ್ಟು ದಿನ. ಒಂದೇ ಕ್ಲಬ್ಬಿನಿಂದ ಒಂದೇ ಕಡೆಗೆ ಹೊಡೆಯುತ್ತಾ ಹೋಗಬೇಡಿ. ಪ್ರತಿ ಹೊಡೆತಕ್ಕೂ ಕ್ಲಬ್ ಮತ್ತು ಗುರಿ ಬದಲಿಸಿ. ಹೀಗೆ ಬೆರೆಸಿ ಕಲಿತದ್ದು ಆ ಹೊತ್ತಿಗೆ ಒರಟಾಗಿ ಕಂಡರೂ ಮುಂದೆ ಮೈಯಲ್ಲಿ ನಿಲ್ಲುತ್ತದೆ. ನಡುವೆ ಸ್ನಾಯುಗಳಿಗೆ ಬಿಡುವೂ ಸಿಗುತ್ತದೆ. ಮೊದಲ ಚೆಂಡಿಗೆ ಮುನ್ನ ಹತ್ತು ನಿಮಿಷ ಬಿರುಸು ನಡಿಗೆ, ಭುಜ ಮತ್ತು ತೊಡೆಯ ಕೀಲುಗಳನ್ನು ಸಡಿಲಿಸುವ ವ್ಯಾಯಾಮ, ಅನಂತರ ಗಿಡ್ಡ ಕ್ಲಬ್ಬಿನಿಂದ ಅರೆ ಬೀಸು. ಚೆಂಡು ಎತ್ತಿಕೊಳ್ಳುವಾಗ ಮಂಡಿ ಬಾಗಿಸಿ.

ಹದಿನೆಂಟು ಹೋಲ್ ನಡೆದು ಮುಗಿಸಲು ನಾಲ್ಕು ಗಂಟೆಗೂ ಮೀರಿ ಬೇಕು, ಏಳೆಂಟು ಕಿಲೋಮೀಟರ್ ನಡಿಗೆಯೂ ಆಗುತ್ತದೆ. ಬ್ಯಾಟರಿ ಗಾಡಿ ಹತ್ತಿದರೆ ಈ ಲಾಭ ಹೋಯಿತು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಮಟ್ಟವನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೆ ವಿಷಯ ತಿಳಿದಿರಲಿ. ಎದೆ ಬಿಗಿತ, ದವಡೆ ಅಥವಾ ಎಡತೋಳಿನ ಸೆಳೆತ, ತಣ್ಣನೆಯ ಬೆವರು, ಏದುಸಿರು ಕಂಡರೆ ‘ಬೀಸು ಹೆಚ್ಚಾಯಿತು, ಸ್ನಾಯು ಹಿಡಿದಿದೆ’ ಎಂದು ಆಟ ಮುಗಿಸಲು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆ ಕಾಲಿಗೆ ಬಲವಿಲ್ಲದಿದ್ದರೆ, ಮೂತ್ರ ಕಟ್ಟಿದರೆ ಅದೂ ತುರ್ತೇ.

ಮೊಣಕೈ ನೋವು ಈಗಾಗಲೇ ಬಂದಿದ್ದರೆ ಪೂರ್ತಿ ಬೀಸನ್ನು ಕೆಲವು ವಾರ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ವೈದ್ಯರನ್ನು ಕೇಳದೆ ದಿನವೂ ನೋವಿನ ಮಾತ್ರೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ಸ್ಟೀರಾಯ್ಡ್ ಚುಚ್ಚುಮದ್ದು ಬೇಗ ಆರಾಮ ಕೊಟ್ಟರೂ ನೋವು ಮರುಕಳಿಸುವುದುಂಟು. ನೋವು ತಗ್ಗಿದ ಮೇಲೆ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲಾಗಿರಿಸಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ ನಿಧಾನವಾಗಿ ಇಳಿಸಿ. ದಿನಕ್ಕೆ ಹದಿನೈದು ಬಾರಿ. ಆಟಕ್ಕೆ ಮರಳುವಾಗ ಮೊದಲು ಪಟ್, ವಾರದ ನಂತರ ಚಿಪ್, ಆಮೇಲೆ ಗಿಡ್ಡ ಕ್ಲಬ್‌ಗಳು, ಎಲ್ಲಕ್ಕೂ ಕೊನೆಯಲ್ಲಿ ಡ್ರೈವರ್.