ಹೊಟ್ಟೆಯಿಂದ ಮೆದುಳಿಗೆ ಒಂದು ನರ



ಕಳೆದ ತಪಸ್ಸುಕಾಲದಲ್ಲಿ ಹೊಟ್ಟೆಬಾಕತನದ ಬಗ್ಗೆ ಪ್ರಬೋಧನೆ ಕೊಟ್ಟಿದ್ದೆ. ಮರುವಾರ ಕುರೆಕುಪ್ಪದ ಒಂದು ಮನೆಗೆ ಹೋದಾಗ ಆ ಮನೆಯ ತಾಯಿ, “ಫಾದರ್, ಮೊನ್ನೆ ನೀವು ನನ್ನನ್ನೇ ನೋಡಿ ಹೇಳಿದಿರಲ್ಲ?” ಎಂದರು. ಸ್ವಲ್ಪ ದಪ್ಪ ಮೈಯವರು. ನಾನು ಅವರತ್ತ ನೋಡಿಯೇ ಇರಲಿಲ್ಲ. ಆದರೂ ಮಾತು ಅವರಿಗೆ ಚುಚ್ಚಿತ್ತು. ಅವರ ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರು. ಕಿವಿಗೆ ಸಿಕ್ಕಿಸಿಕೊಂಡರೆ ನರವನ್ನು ಪ್ರಚೋದಿಸಿ ಹಸಿವು ಅಡಗಿಸುವ ಯಂತ್ರವಿದೆ ಎಂಬ ಜಾಹೀರಾತು ನೋಡಿ, ದಂಪತಿಗಳು ಅದಕ್ಕಾಗಿ ಹಣ ಕೂಡಿಡುತ್ತಿದ್ದರು. “ತರಿಸಬಹುದಾ ಫಾದರ್?” ಎಂದು ಕೇಳಿದರು. ನನಗೆ ಆಗ ಉತ್ತರ ಗೊತ್ತಿರಲಿಲ್ಲ.

ಅಂಥದೊಂದು ನರ ಇರುವುದು ನಿಜ. ಅದರ ಹೆಸರು ವೇಗಸ್. ಲತೀನಿನಲ್ಲಿ ‘ಅಲೆದಾಡುವುದು’ ಎಂದರ್ಥ. ಮೆದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಜಠರ, ಕರುಳಿನವರೆಗೆ ಅಲೆಯುತ್ತದೆ. ಮೆದುಳು ಹೊಟ್ಟೆಗೆ ಅಪ್ಪಣೆ ಕೊಡುವ ದಾರಿ ಇದು ಎಂದು ನಾವು ಭಾವಿಸಬಹುದು. ಆದರೆ ಅದರ ಎಳೆಗಳಲ್ಲಿ ಸುಮಾರು 80 ಪಾಲು ಹೊಟ್ಟೆಯೇ ಮೊದಲಾದ ಅಂಗಗಳ ಸುದ್ದಿಯನ್ನು ಮೇಲಕ್ಕೆ ಒಯ್ಯುತ್ತವೆ. ಜಠರ ಹಿಗ್ಗಿದಾಗ, ಕರುಳಿಗೆ ಆಹಾರ ಇಳಿದಾಗ ‘ಸಾಕು’ ಎಂಬ ಸುದ್ದಿ ಹೋಗುವುದು ಬಹುಮಟ್ಟಿಗೆ ಇದರಲ್ಲೇ. ತಲುಪಲು ಹೊತ್ತು ಹಿಡಿಯುತ್ತದೆ. ಡಬ್ಬಿಯ ಊಟವನ್ನು ಐದು ನಿಮಿಷದಲ್ಲಿ ನುಂಗಿ ಎದ್ದವನಿಗೆ ಸುದ್ದಿ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಮೂರ್ಛೆರೋಗಕ್ಕಾಗಿ ಕುತ್ತಿಗೆಯಲ್ಲಿ ಈ ನರಕ್ಕೆ ವಿದ್ಯುತ್ ಸಾಧನ ಕೂರಿಸಲು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಕಿಸಿಕೊಂಡ ಕೆಲವರ ತೂಕ ಇಳಿಯಿತು, ಹಲವರದು ಇಳಿಯಲಿಲ್ಲ. ಬೊಜ್ಜಿಗೆಂದೇ ಮಾಡಿದ ಇನ್ನೊಂದು ಸಾಧನಕ್ಕೆ 2015ರಲ್ಲಿ ಒಪ್ಪಿಗೆ ದೊರೆಯಿತು. ಅದು ಜಠರದ ಬಳಿ ಈ ನರದ ಸುದ್ದಿಯನ್ನು ಆಗಾಗ ತಡೆಯುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ಒಳಗಿಡಬೇಕು. ಒಂದು ವರ್ಷದಲ್ಲಿ ಅದನ್ನು ಹಾಕಿಸಿಕೊಂಡವರು ಮೈತೂಕದ ಸುಮಾರು ಶೇಕಡಾ 9ರಷ್ಟು ಕಳೆದುಕೊಂಡರು. ಗಮನಿಸಿ: ನರಕ್ಕೆ ತಂತಿಯನ್ನೇ ತಾಗಿಸದ ಹುಸಿ ಸಾಧನ ಹಾಕಿಸಿಕೊಂಡವರೂ ಸುಮಾರು ಶೇಕಡಾ 6ರಷ್ಟು ಇಳಿದಿದ್ದರು! ಊಟದ ಬಗ್ಗೆ ಸಲಹೆ, ಆಗಾಗ ವಿಚಾರಿಸುವವರು ಇಬ್ಬರಿಗೂ ಇದ್ದರು.

ಕಿವಿಯ ಹಾಲೆಯಲ್ಲೂ ಈ ನರದ ಸಣ್ಣ ಕವಲು ಇದೆ, ಅಷ್ಟು ಸತ್ಯ. ಅದನ್ನು ಚುರುಗುಟ್ಟಿಸಿದರೆ ತೂಕ ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಹೃದಯದ ತೊಂದರೆ ಇರುವವರು, ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಇನ್ನು ನನ್ನ ಪ್ರಬೋಧನೆಯ ಮಾತು. ಸೆಮಿನರಿಯಲ್ಲಿ ಓದಿದ್ದನ್ನು ಮತ್ತೆ ತೆರೆದೆ. ಸಂತ ತೋಮಾಸ್ ಅಕ್ವಿನಾಸರು ಹೊಟ್ಟೆಬಾಕತನಕ್ಕೆ ಐದು ರೂಪ ಹೇಳುತ್ತಾರೆ. ಅತಿಯಾಗಿ ತಿನ್ನುವುದು ಅವುಗಳಲ್ಲಿ ಒಂದು ಮಾತ್ರ. ಹೊತ್ತಿಗೆ ಮುಂಚೆ ತಿನ್ನುವುದು, ಆತುರದಿಂದ ಮುಕ್ಕುವುದು, ದುಬಾರಿಯದನ್ನೇ ಬಯಸುವುದು, ಇಂಥದೇ ರುಚಿ ಬೇಕೆಂದು ಹಟ ಹಿಡಿಯುವುದು ಉಳಿದವು. ಮೈಯ ಗಾತ್ರ ಆ ಪಟ್ಟಿಯಲ್ಲೇ ಇಲ್ಲ. ಸಣಕಲು ಮೈಯ ಗುರುವೂ ಅದರಲ್ಲಿ ಸಿಕ್ಕಿಬೀಳಬಹುದು. ದಪ್ಪಗಿರುವುದಕ್ಕೆ ಥೈರಾಯ್ಡ್, ಕೆಲವು ಮಾತ್ರೆಗಳು, ಹುಟ್ಟಿನಿಂದ ಬಂದ ಮೈಕಟ್ಟು, ನಿದ್ದೆಗೆಡುವ ರಾತ್ರಿಪಾಳಿ ಇವೆಲ್ಲ ಕಾರಣವಾಗಬಹುದು.

ಮತ್ತೆ ಆ ಮನೆಗೆ ಹೋಗಿ ಮೊದಲು ಕ್ಷಮೆ ಕೇಳಿದೆ. ಯಂತ್ರ ಬೇಡ, ಆ ಹಣದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎಂದೆ. ತಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಎಲ್ಲರಿಗಿಂತ ಮೊದಲು ತಿಂದು ಮುಗಿಸಿದವನು ನಾನೇ.