ಹೊಲ ಹೋದರೂ ಹಿತ್ತಿಲು ಇರಲಿ

ಜಮೀನು ಕೈಬಿಟ್ಟ ಮನೆಯಲ್ಲಿ ಮೊದಲು ಬದಲಾಗೋದು ಅಡಿಗೆಮನೆ. ರಾಗಿ ಅಂಗಡಿಯಿಂದ ಬರುತ್ತೆ. ಸೊಪ್ಪಿಗೆ ತಳ್ಳುಗಾಡಿ ಕಾಯಬೇಕು. ಅವರೆಕಾಯಿಯನ್ನೂ ತೂಕ ಹಾಕಿಸಿ ತರಬೇಕು. ಪರಿಹಾರದ ದುಡ್ಡು ಬ್ಯಾಂಕಿನಲ್ಲಿ ಇರೋತನಕ ಇದು ಯಾರ ಕಣ್ಣಿಗೂ ಬೀಳೋದಿಲ್ಲ. ಮನೆಗೆ, ಮದುವೆಗೆ, ಗಾಡಿಗೆ ಅಂತ ದುಡ್ಡು ಕರಗಿದ ಮೇಲೆ ತಿಂಗಳ ಖರ್ಚು ಎದುರಿಗೆ ಬಂದು ನಿಲ್ಲುತ್ತೆ.

ಬೆಂಗಳೂರಿನ ಅಂಚಿನ ಹಳ್ಳಿಗಳಿಗೆ ಇದು ಹೊಸದಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ ಎದ್ದದ್ದು 1970ರ ದಶಕದಲ್ಲಿ. ಅದೇ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿತು. ವೈಟ್‌ಫೀಲ್ಡ್ ಕಡೆ 1990ರ ದಶಕದಲ್ಲಿ ಐಟಿ ಕಟ್ಟಡಗಳು ಬಂದವು. ತಮಾಷೆ ಅಂದರೆ, 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ಅಲ್ಲಿ 3,900 ಎಕರೆ ಕೊಟ್ಟದ್ದು ಬೇಸಾಯ ಮಾಡಿಕೊಂಡು ಬದುಕಲಿ ಅಂತ! ಬೇಸಾಯಕ್ಕೆಂದೇ ಹುಟ್ಟಿದ ಊರಿನಲ್ಲಿ ಈಗ ಒಂದು ಕಟ್ಟು ಕೊತ್ತಂಬರಿಗೂ ಅಂಗಡಿ ನೋಡಬೇಕು.

ಹೋದ ಹೊಲವನ್ನು ಈ ಲೇಖನ ವಾಪಸು ತರಲಾರದು. ಆದರೆ ಎಷ್ಟೋ ಮನೆಗಳಲ್ಲಿ ಇನ್ನೂ ಅರ್ಧ ಗುಂಟೆ, ಒಂದು ಗುಂಟೆ ಹಿತ್ತಿಲು ಉಳಿದಿದೆ. ಅಲ್ಲಿ ಬೆಳೆಯೋದು, ಅದನ್ನು ಮನೆಯಲ್ಲೇ ಅಡಿಗೆ ಮಾಡೋದು, ಹಳೇ ಬಟ್ಟೆಯನ್ನು ಹೊಲಿದು ಬಳಸೋದು - ಇಷ್ಟರಿಂದ ಕೊಳ್ಳುವ ಮನೆ ಮತ್ತೆ ಮಾಡುವ ಮನೆ ಆಗಬಹುದು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕ

ಒಂದು ತಿಂಗಳು ಅಡಿಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ತಗುಲಿಹಾಕಿ. ತರಕಾರಿ, ಸೊಪ್ಪಿಗೆ ಕೊಟ್ಟ ದುಡ್ಡನ್ನು ಆಯಾ ದಿನದ ಮನೆಯಲ್ಲೇ ಬರೆಯಿರಿ. ದಿನಕ್ಕೆ 40 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 14,600 ಆಯಿತು. ಹಿತ್ತಿಲಿನಿಂದ ಇದರಲ್ಲಿ ಅರ್ಧ ಉಳಿದರೆ 7,300. ದೊಡ್ಡ ಮೊತ್ತ ಅಲ್ಲ ಅನ್ನಿಸಬಹುದು. ಆದರೆ ಇದಕ್ಕೆ ದಲ್ಲಾಳಿ ಇಲ್ಲ, ಬಾಡಿಗೆ ಇಲ್ಲ, ಬೆಲೆ ಬಿದ್ದುಹೋಗೋ ಹೆದರಿಕೆ ಇಲ್ಲ. ಕೊಳ್ಳದೆ ಉಳಿದದ್ದೂ ಆದಾಯವೇ.

ನೀರು ಯಾವುದು?

ಬೀಜಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ಕಡೆ ಹಿತ್ತಿಲು ಕೆಡೋದು ಹುಳದಿಂದಲ್ಲ, ನೀರಿನಿಂದ.

ಪೀಣ್ಯ ಸುತ್ತಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರೋದು ಪರೀಕ್ಷೆಗಳಲ್ಲಿ ಗೊತ್ತಾಗಿರುವ ವಿಷಯ. ಲೋಹಕ್ಕೆ ಲೇಪ ಹಾಕುವ ಕೆಲಸದ ತ್ಯಾಜ್ಯ ಇದಕ್ಕೆ ಮುಖ್ಯ ಕಾರಣ. ಈ ಕಡೆ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು, 2017ರಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಬಿದ್ದದ್ದನ್ನು ಇಡೀ ದೇಶ ನೋಡಿದೆ. ಇಂಥ ನೀರು ಹಾಯಿಸಿದರೆ ಗಿಡ ಸೊಗಸಾಗೇ ಬರುತ್ತೆ. ಕೊಳಚೆಯಲ್ಲಿ ಸಾರಜನಕ ಇರೋದರಿಂದ ಎಲೆ ಕಪ್ಪು ಹಸಿರಾಗಿ ಮಿಂಚುತ್ತೆ. ಮೋಸ ಇರೋದು ಅಲ್ಲೇ. ಸೀಸ, ಕ್ಯಾಡ್ಮಿಯಂನಂಥ ಲೋಹ ಎಲೆ ಮತ್ತು ಗಡ್ಡೆಗಳಲ್ಲಿ ಹೆಚ್ಚಾಗಿ ಸೇರುತ್ತೆ. ತೊಳೆದರೂ ಕುದಿಸಿದರೂ ಹೋಗೋದಿಲ್ಲ.

ಆದ್ದರಿಂದ ಮೂರು ನಿಯಮ:

1. ರಾಜಕಾಲುವೆ, ಕಾರ್ಖಾನೆ ಪಕ್ಕದ ಮೋರಿ, ಕೊಳಚೆ ಸೇರುವ ಕೆರೆ - ಇವುಗಳ ನೀರು ತಿನ್ನುವ ಬೆಳೆಗೆ ಬೇಡ.

2. ಕೈಗಾರಿಕೆಗೆ ಹತ್ತಿರದ ಕೊಳವೆಬಾವಿ ಆದರೆ ನೀರು ಪರೀಕ್ಷೆ ಮಾಡಿಸಿ. ಗಡಸುತನ, ಫ್ಲೋರೈಡ್ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಲೋಹ ಕಾಣೋದಿಲ್ಲ. 'ಭಾರಲೋಹ ನೋಡಿಕೊಡಿ' ಅಂತ ಬಾಯಿಬಿಟ್ಟು ಕೇಳಬೇಕು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು.

3. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಡ್ರಮ್ಮು, ಬಣ್ಣದ ಡಬ್ಬ ತರುವ ಮುಂಚೆ ಅದರಲ್ಲಿ ಏನಿತ್ತು ಅಂತ ಕೇಳಿ. ರಾಸಾಯನಿಕ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ನೀರಿಗೂ ಬೇಡ, ಗಿಡಕ್ಕೂ ಬೇಡ.

ಒಳ್ಳೆ ನೀರು ಎಲ್ಲಿಂದ? ಸೂರಿನಿಂದ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. 500 ಚದರಡಿ ಸೂರಿನ ಮೇಲೆ ಬೀಳೋದು ವರ್ಷಕ್ಕೆ 45,000 ಲೀಟರ್. ಆವಿ, ಸೋರಿಕೆ ಅಂತ ಐದರಲ್ಲಿ ಒಂದು ಪಾಲು ಕಳೆದರೂ 36,000 ಲೀಟರ್ ಸಿಗುತ್ತೆ. ಅಷ್ಟನ್ನೂ ಹಿಡಿದಿಡೋಕೆ ಜಾಗ ಇರಲಿಕ್ಕಿಲ್ಲ. ಒಂದು ಸಾವಿರ ಲೀಟರಿನ ತೊಟ್ಟಿ ಇಟ್ಟರೂ ಮಳೆಗಾಲದಲ್ಲಿ ಎಷ್ಟೋ ಸಲ ತುಂಬಿ ಬಳಕೆಯಾಗುತ್ತೆ. ಮೊದಲ ಮಳೆಯ ಕೊಳೆ ನೀರನ್ನು ಹೊರಕ್ಕೆ ಬಿಡಿ. ತೊಟ್ಟಿಗೆ ಸೊಳ್ಳೆ ಹೋಗದ ಹಾಗೆ ಬಟ್ಟೆ ಕಟ್ಟಿ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನೇರವಾಗಿ ಮಡಿಗೆ. ಬಚ್ಚಲ ನೀರು, ಬಟ್ಟೆ ಒಗೆದ ನೀರು ಸೊಪ್ಪಿಗೆ ಬೇಡ. ಅದಕ್ಕೆ ಮೂರಡಿ ಗುಂಡಿ ತೆಗೆದು ಜಲ್ಲಿ ತುಂಬಿ, ಸುತ್ತ ಬಾಳೆ, ಕಾಬಾಳೆ ನೆಡಿ. ಸೋಪಿನ ಉಪ್ಪು ಮಣ್ಣಿನಲ್ಲಿ ಕಟ್ಟಿಕೊಳ್ಳದ ಹಾಗೆ ಆಗಾಗ ಒಳ್ಳೆ ನೀರನ್ನೂ ಬಿಡಿ.

ಅರ್ಧ ಗುಂಟೆಯ ಜೋಡಣೆ

ಒಂದು ಗುಂಟೆ ಅಂದರೆ 1,089 ಚದರಡಿ. ಅರ್ಧ ಗುಂಟೆಯಲ್ಲಿ ಮೂರಡಿ ಅಗಲ, ಹತ್ತಡಿ ಉದ್ದದ ಎಂಟು ಮಡಿ ಹಾಕಿದರೂ ಓಡಾಡೋಕೆ, ಚಪ್ಪರಕ್ಕೆ, ಗೊಬ್ಬರದ ಗುಂಡಿಗೆ ಜಾಗ ಉಳಿಯುತ್ತೆ. ಮೂರಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಮಧ್ಯಕ್ಕೆ ಎಟುಕಬೇಕು. ಕಟ್ಟಡದ ಅವಶೇಷ ತುಂಬಿದ ಜಾಗ ಆದರೆ ಮೇಲಿನ ಒಂದಡಿ ತೆಗೆದು ಕೆರೆಗೋಡು ಅಲ್ಲ, ಹೊಲದ ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಹಾಕಿ. ನಮ್ಮ ಕೆರೆಗಳ ಗೋಡು ಈಗ ಮೊದಲಿನ ಗೋಡಲ್ಲ.

ನಾಲ್ಕು ಮಡಿ ಸೊಪ್ಪಿಗೆ. ಇಲ್ಲಿ ಒಂದೇ ಗುಟ್ಟು: ಎಲ್ಲವನ್ನೂ ಒಂದೇ ದಿನ ಬಿತ್ತಬೇಡಿ. ವಾರಕ್ಕೆ ಒಂದು ಮಡಿ. ದಂಟು, ಮೆಂತ್ಯ 25-30 ದಿನಕ್ಕೆ ಕೀಳೋಕೆ ಬರುತ್ತೆ. ನಾಲ್ಕನೇ ಮಡಿ ಬಿತ್ತಿ ಒಂದು ವಾರಕ್ಕೆ ಮೊದಲನೆಯದು ಸಿದ್ಧ. ಖಾಲಿಯಾದ ಮಡಿಗೆ ಒಂದು ಮಂಕರಿ ಗೊಬ್ಬರ ಕೊಟ್ಟು ಮತ್ತೆ ಬಿತ್ತಿ. ಹೀಗಾದರೆ ಸೊಪ್ಪು ಒಮ್ಮೆಲೇ ಬಂದು ಬಲಿತು ದಂಡವಾಗೋದಿಲ್ಲ.

ದಂಟಿನ ಬೀಜ ಮಡಿಗೆ ಒಂದು ಚಮಚ ಸಾಕು. ಒಣ ಮರಳಿಗೆ ಬೆರೆಸಿ ಚೆಲ್ಲಿ. ಇರುವೆ ಬೀಜ ಹೊತ್ತುಕೊಂಡು ಹೋಗೋದಾದರೆ ಮಡಿಯ ಸುತ್ತ ಒಂದು ಹಿಡಿ ಅಕ್ಕಿತರಿ ಉದುರಿಸಿ. ಅದನ್ನು ಹೊರೋದರಲ್ಲೇ ಅವುಗಳ ಹೊತ್ತು ಹೋಗುತ್ತೆ. ಕೊತ್ತಂಬರಿ ಬೀಜವನ್ನು ಕೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟನ್ನು ಬೇರುಸಹಿತ ಕೀಳಬೇಕಾಗಿಲ್ಲ. ಕೊಯ್ದ ಹಾಗೆ ಮತ್ತೆ ಚಿಗುರುತ್ತೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯನ್ನು ಹಳದಿ ನಂಜುರೋಗ ತಡೆಯಲಿ ಅಂತಲೇ ಬೆಳೆಸಿದ್ದು.

ಉಳಿದ ನಾಲ್ಕು ಮಡಿ ಬೆಂಡೆ, ಬದನೆ, ಟೊಮೆಟೊ, ಮೂಲಂಗಿಗೆ. ಜಾಗ ಬದಲಿಸುತ್ತಾ ಹೋಗಿ. ಬದನೆ ಇದ್ದ ಕಡೆ ಟೊಮೆಟೊ ಬೇಡ. ಎರಡೂ ಒಂದೇ ಜಾತಿಯವು, ರೋಗವೂ ಒಂದೇ.

ಚಪ್ಪರಕ್ಕೆ ಅವರೆ. ಆಷಾಢದಲ್ಲಿ ಹಾಕಿದ ನಾಲ್ಕು ಬಳ್ಳಿ ಕಾರ್ತಿಕದಿಂದ ಪುಷ್ಯದವರೆಗೆ ಕಾಯಿ ಕೊಡುತ್ತೆ. ಹಗಲು ಕಮ್ಮಿಯಾದ ಹಾಗೆ ಹೂ ಬಿಡೋದು ಈ ನಾಟಿ ಬಳ್ಳಿಯ ಗುಣ. ಅದಕ್ಕೇ ಬೇಸಿಗೆಯಲ್ಲಿ ಹಾಕಿ ಕಾಯಿ ಬರಲಿಲ್ಲ ಅಂತ ಗೊಣಗಬಾರದು. ಬೇರೆ ಕಾಲದಲ್ಲೂ ಬೇಕು ಅನ್ನೋರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಅವರೆ-4 ಇವೆ. ಕುಡಿಗೆ ಹೇನು ಹತ್ತಿದರೆ ಬೆಳಗಿನ ಇಬ್ಬನಿ ಆರುವ ಮುಂಚೆ ಸೌದೆ ಬೂದಿ ಎರಚಿ.

ಬಿಸಿಲುಗಾಲದಲ್ಲಿ ಎಂಟು ಮಡಿಗೆ ದಿನಕ್ಕೆ ಆರೇಳು ಕೊಡ ನೀರು ಬೇಕು. ಒಣ ಹುಲ್ಲು, ತರಗು ಹೊದಿಸಿದರೆ ಇನ್ನೂ ಕಮ್ಮಿ.

ಬೆರಕೆ ಸೊಪ್ಪಿಗೆ ಒಂದು ಮೂಲೆ

ನಮ್ಮ ಅಜ್ಜಿಯಂದಿರು ದುಡ್ಡು ಕೊಡದೆ ತಂದ ಸೊಪ್ಪೇ ಹೆಚ್ಚು. ರಾಗಿ ಹೊಲದಲ್ಲಿ ಅಣ್ಣೆ, ಗೋಣಿ, ಬೇಲಿಯಲ್ಲಿ ಗಣಿಕೆ, ಕೆರೆ ಅಂಚಿನಲ್ಲಿ ಹೊನಗೊನೆ, ಒಂದೆಲಗ. ಎಲ್ಲ ಸೇರಿಸಿ ಸಾರು ಮಾಡಿದರೆ ಅದು ಬೆರಕೆ ಸೊಪ್ಪಿನ ಸಾರು.

ಹೊಲ ಹೋಯಿತು, ಆದರೆ ಈ ಅಭ್ಯಾಸ ಹೋಗಿಲ್ಲ. ಈಗಲೂ ವಯಸ್ಸಾದ ಹೆಂಗಸರು ಕೆರೆ ಕೋಡಿ, ಮೋರಿ ಪಕ್ಕ ಹೊನಗೊನೆ ಕುಯ್ಯೋದು ಕಾಣುತ್ತೆ. ಕಣ್ಣಿಗೆ ಒಳ್ಳೇದು ಅಂತ ಮೊಮ್ಮಕ್ಕಳಿಗೆ ಬೇಯಿಸಿ ಹಾಕೋ ಸೊಪ್ಪು ಅದು. ಬೇರು ಇರೋದು ಕೊಳಚೆಯಲ್ಲಿ. ಅವರಿಗೆ 'ತರಬೇಡಿ' ಅಂತ ಬರೀ ಬಾಯಲ್ಲಿ ಹೇಳಿದರೆ ಪ್ರಯೋಜನ ಇಲ್ಲ, ಬದಲಿ ಕೊಡಬೇಕು. ಹೊನಗೊನೆ, ಒಂದೆಲಗ ಎರಡೂ ತುಂಡಿನಿಂದ ಬೇರು ಬಿಡುತ್ತವೆ. ಶುದ್ಧ ಜಾಗದ ನಾಲ್ಕು ಕುಡಿ ತಂದು, ಕುಡಿಯುವ ನೀರಿನ ನಲ್ಲಿ ಹತ್ತಿರ ತಂಪಿನಲ್ಲಿ ಊರಿ. ಸೊಪ್ಪಿನ ಗುರುತು ಅತ್ತೆಯಂದಿರಿಗೆ ಗೊತ್ತು. ಸೊಸೆಯಂದಿರು, ಮಕ್ಕಳು ಕಲಿತುಕೊಳ್ಳೋಕೆ ಇದೇ ಕಾಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮೋರಿ ಗಿಡವಂತೂ ಖಂಡಿತ ಅಲ್ಲ.

ಒಲೆಯ ಮೇಲೆ

ಬೆಳಿಗ್ಗೆ ಆರು ಗಂಟೆ ಪಾಳಿಗೆ ಹೋಗುವವರಿರುವ ಮನೆಯಲ್ಲಿ ಅಡಿಗೆಗೆ ಹೊತ್ತು ಕಮ್ಮಿ. ಅದಕ್ಕೆ ಹೇಳಿ ಮಾಡಿಸಿದ್ದು ಬಸ್ಸಾರು. ಅಲಸಂದೆ ಇಲ್ಲವೆ ಹೆಸರುಕಾಳು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ ಬೇಯಿಸಿ ಬಸಿದುಕೊಳ್ಳಿ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿ, ಹುಣಸೆ, ಒಂದು ಹಿಡಿ ಬೆಂದ ಕಾಳು-ಸೊಪ್ಪು ರುಬ್ಬಿ ಹಾಕಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಎರಡು ಅಡಿಗೆ. ಬೆಂದ ನೀರಿನ ಸತ್ವವೂ ಮೋರಿಗೆ ಹೋಗೋದಿಲ್ಲ. ಜೊತೆಗೆ ಮುದ್ದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅಕ್ಕಿ ಇದರ ಹತ್ತಿರಕ್ಕೂ ಬರೋಲ್ಲ. ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತಬೇಕಾದರೆ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಉಂಡ ತಕ್ಷಣ ಕಾಫಿ, ಟೀ ಬೇಡ.

ಪಾಳಿಯವರ ಬೆಳಗಿನ ತಿಂಡಿಗೆ ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ನೆರಳಿನಲ್ಲಿ ಆರಿಸಿ, ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಅರಳು ಮಾಡಿ ಬೀಸಿಸಿ. ಬೆಲ್ಲ, ಹಾಲು ಹಾಕಿ ಕಲಸಿದರೆ ಎರಡೇ ನಿಮಿಷ. ಗಾಳಿಯಾಡದ ಡಬ್ಬದಲ್ಲಿ ಇಟ್ಟರೆ ವಾರಗಟ್ಟಲೆ ಬರುತ್ತೆ.

ಅವರೆ ಜಾಸ್ತಿ ಬಂದ ವಾರ ಹಿತಕಿದ ಬೇಳೆ ಮಾಡಿ, ಬಿಸಿಲಲ್ಲಿ ಗಲಗಲ ಅನ್ನುವಷ್ಟು ಒಣಗಿಸಿಡಿ. ಯುಗಾದಿ ಆದಮೇಲೂ ಒಂದೆರಡು ಸಲ ಹುಳಿಗೆ ಆಗುತ್ತೆ.

ಮೂರು ಸೀರೆ, ಒಂದು ಕೌದಿ

ಪೀಣ್ಯ, ಬೊಮ್ಮಸಂದ್ರದ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳು ದಿನವಿಡೀ ಹೊಲಿಯುತ್ತಾರೆ. ಒಬ್ಬಳು ಬರೀ ಕಾಲರ್, ಇನ್ನೊಬ್ಬಳು ಬರೀ ತೋಳು. ಇಡೀ ಬಟ್ಟೆ ಒಂದನ್ನು ಮೊದಲಿನಿಂದ ಕೊನೆವರೆಗೆ ಹೊಲಿಯುವ ಅವಕಾಶ ಅಲ್ಲಿ ಕಮ್ಮಿ. ಭಾನುವಾರ ಅವರನ್ನೇ ಮತ್ತೆ ಮಿಷನ್ ಮುಂದೆ ಕೂರಿಸೋದು ಬೇಡ. ಕೌದಿಗೆ ಮಿಷನ್ ಬೇಕಾಗಿಲ್ಲ; ಸೂಜಿ, ದಪ್ಪ ನೂಲು, ಹರಟೆಗೆ ಇಬ್ಬರು ಇದ್ದರೆ ಸಾಕು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಶೆಡ್ಡುಗಳಲ್ಲಿ ಕೌದಿ ನೋಡಿರುತ್ತೀರಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿಯಂತೂ ಹೆಸರುವಾಸಿ. ಅವರು ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಮಧ್ಯಕ್ಕೆ ಹೊಲಿದುಕೊಂಡು ಬರುತ್ತಾರೆ.

ಲೆಕ್ಕ ಹೀಗೆ: ಆರು ಗಜದ ಸೀರೆ ಅಂದರೆ 18 ಅಡಿ. ಆರಡಿಯ ಮೂರು ತುಂಡಾಗುತ್ತೆ. ಎರಡು ತುಂಡು ಅಕ್ಕಪಕ್ಕ ಕೂಡಿಸಿದರೆ ಆರಡಿಗೆ ಏಳೂವರೆ ಅಡಿಯ ಒಂದು ಪದರ. ಮೂರು ಸೀರೆಯ ಒಂಬತ್ತು ತುಂಡಿನಲ್ಲಿ ನಾಲ್ಕು ಪದರ ಆಗಿ, ಒಂದು ತುಂಡು ಅಂಚಿನ ಪಟ್ಟಿಗೆ ಉಳಿಯುತ್ತೆ. ಹತ್ತಿ ಸೀರೆ ಆಗಬೇಕು. ಸಿಂಥೆಟಿಕ್ ಬೆವರು ಹೀರೋಲ್ಲ, ಬೆಂಕಿ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತೆ. ಕಾಟನ್ ಚೂರು ಬಟ್ಟೆ ಸಿಕ್ಕಿದರೆ ಬೀಜದ ಚೀಲ, ಪಾತ್ರೆ ಹಿಡಿಯುವ ಮಸಿಬಟ್ಟೆ ಮಾಡಿ.

ಕೆಲಸ ಯಾರದ್ದು?

ಇಷ್ಟು ಓದಿ 'ಹೆಂಗಸರಿಗೆ ಇನ್ನೊಂದು ಕೆಲಸ ಹೇಳಿದರು' ಅನ್ನಿಸಿದರೆ ತಪ್ಪಲ್ಲ. ದಿನವಿಡೀ ದುಡಿದು ಬಸ್ಸಿನಲ್ಲಿ ನಿಂತು ಬಂದವಳ ತಲೆಮೇಲೆ ಹಿತ್ತಿಲನ್ನೂ ಹೊರಿಸಿದರೆ ಎರಡೇ ತಿಂಗಳಿಗೆ ಅದು ಕಳೆ ತುಂಬಿ ನಿಲ್ಲುತ್ತೆ. ಅಗೆಯೋದು, ನೀರು ಹೊರೋದು, ಗೊಬ್ಬರದ ಗುಂಡಿ - ಗಂಡಸರದ್ದು. ಕಳೆ ಕೀಳೋದು, ಬೀಜ ಬಿಡಿಸೋದು ಮಕ್ಕಳು ಮತ್ತು ಮನೆಯಲ್ಲಿರುವ ಹಿರಿಯರದ್ದು. ಒಲೆಯ ಮುಂದೆಯೂ ಸರದಿ ಇರಲಿ; ಹುರಿಹಿಟ್ಟು ಕಲಸೋಕೆ, ಸೊಪ್ಪು ಸೋಸೋಕೆ ಯಾರ ಕೈಯಾದರೂ ಆಗುತ್ತೆ. ದಿನಕ್ಕೆ ಅರ್ಧ ಗಂಟೆ, ನಾಲ್ಕು ಜನಕ್ಕೆ ಹಂಚಿದರೆ ಯಾರಿಗೂ ಭಾರ ಅಲ್ಲ.

ಜಮೀನು ಇನ್ನೂ ಕೈಯಲ್ಲಿ ಇರೋರಿಗೂ ಒಂದು ಮಾತು. ಮಾತುಕತೆ ನಡೀತಾ ಇದ್ದರೆ ಮನೆ ಪಕ್ಕದ ಒಂದೆರಡು ಗುಂಟೆ, ಅದರ ಜೊತೆಗೆ ನೀರಿನ ದಾರಿ ಬಿಟ್ಟುಕೊಡಬೇಡಿ. ಚದರಡಿ ರೇಟು ಕೇಳಿದಾಗ ಆಸೆ ಹುಟ್ಟುತ್ತೆ. ಆದರೆ ಆ ದುಡ್ಡಿನಲ್ಲಿ ಮತ್ತೆ ಒಂದು ಹಿತ್ತಿಲು ಕೊಳ್ಳೋಕೆ ಆ ಊರಿನಲ್ಲಿ ಆಗೋದಿಲ್ಲ.

ಈ ವಾರ ಮಾಡೋದು ಮೂರೇ: ನೀರಿನ ಮೂಲ ನೋಡಿ, ಒಂದು ಮಡಿ ಅಗೆಯಿರಿ, ಒಂದು ಚಮಚ ದಂಟಿನ ಬೀಜ ಚೆಲ್ಲಿ. ಎರಡನೇ ಮಡಿ ಮುಂದಿನ ವಾರಕ್ಕೆ ಇರಲಿ.