ಮೋಟಾರಿನ ಆಯಿಲ್ ಫಿಲ್ಟರು: ಆಯ್ಕೆ ಮತ್ತು ಬದಲಾವಣೆ



ಕಳೆದ ವರ್ಷ ಪಾಲಕರ ಸಭೆಯಲ್ಲಿ ರೈತರೊಬ್ಬರು ಎದ್ದುನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದರು: "ಸರ್, ನನ್ನ ಮಗನಿಗೆ ಮೋಟಾರು ಕೆಲಸದ ಮೇಲೆ ಬಹಳ ಮನಸ್ಸು. ನಾಳೆ ಅವನು ಸೊಲ್ಲಾಪುರದ ಗ್ಯಾರೇಜು ಸೇರಿದರೆ ಅಲ್ಲಿಯ ಮಾತೆಲ್ಲ ಮರಾಠಿ. ಡಬ್ಬಿಗಳ ಮೇಲಿನ ಬರಹವೆಲ್ಲ ಇಂಗ್ಲಿಷು. ಕನ್ನಡ ಸಾಲೆಯಲ್ಲಿ ಕಲಿತದ್ದು ಅವನಿಗೆ ಅಲ್ಲಿ ಏನು ಉಪಯೋಗಕ್ಕೆ ಬಂದೀತು?" ಅಂದು ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿ ತೋರಲಿಲ್ಲ. ಅದಾದ ಕೆಲವು ತಿಂಗಳುಗಳಲ್ಲಿ ನಮ್ಮ ಸಂಘದ ವಾಹನಕ್ಕೆ ಒದಗಿದ ಸಣ್ಣದೊಂದು ಆಪತ್ತು ಆ ಪ್ರಶ್ನೆಯನ್ನು ಮತ್ತೆ ನೆನಪಿಗೆ ತಂದಿತು. ಅದರಿಂದ ನಾವು ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಣ್ಣೆಯ ಕೆಲಸ

ನಮ್ಮ ಸಂಘದಲ್ಲಿರುವುದು ಒಂದು ಹಳೆಯ ಮಾರುತಿ ಓಮ್ನಿ ವ್ಯಾನು. ಇದರ ತಯಾರಿಕೆಯು 2019ರಲ್ಲಿ ನಿಂತುಹೋಯಿತಾದರೂ ನಮ್ಮ ಭಾಗದ ಹಳ್ಳಿಗಳಲ್ಲಿ ಇದು ಇನ್ನೂ ಓಡಾಡುತ್ತಿದೆ. ಇದರ ಎಂಜಿನ್ನು ಮೂರು ಸಿಲಿಂಡರಿನದು. ಗಾತ್ರ 796 ಘನ ಸೆಂಟಿಮೀಟರು. ಎಂಜಿನ್ನು ಮಿನಿಟಿಗೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸುತ್ತಾಯಿತು. ಲೋಹದೊಡನೆ ಲೋಹವು ಇಷ್ಟು ವೇಗದಿಂದ ಉಜ್ಜಿದರೆ ಸ್ವಲ್ಪ ಹೊತ್ತಿನಲ್ಲಿಯೇ ಎರಡೂ ಕಾದು ಒಂದಕ್ಕೊಂದು ಹಿಡಿದುಕೊಳ್ಳುವುವು. ಹಾಗಾಗದಿರುವುದಕ್ಕೆ ಎಣ್ಣೆಯ ಒಂದು ತೆಳುವಾದ ಪದರವೇ ಕಾರಣ. ತಿರುಗುವ ದಂಡವು ಬೇರಿಂಗನ್ನು ಮುಟ್ಟದೆ ಆ ಪದರದ ಮೇಲೆ ತೇಲುತ್ತಿರುತ್ತದೆ.

ಎಂಜಿನ್ನಿನ ತಳದಲ್ಲಿ ಸಂಪು ಎಂಬ ತಟ್ಟೆಯಿದೆ. ಪಂಪು ಅಲ್ಲಿಂದ ಎಣ್ಣೆಯನ್ನೆಳೆದು ಫಿಲ್ಟರಿಗೆ ನೂಕುತ್ತದೆ. ಫಿಲ್ಟರಿನಿಂದ ಹೊರಟ ಶುದ್ಧವಾದ ಎಣ್ಣೆಯು ಸಣ್ಣ ಕಾಲುವೆಗಳ ಮೂಲಕ ಬೇರಿಂಗುಗಳಿಗೆ ಹರಿದು, ತನ್ನ ಕೆಲಸ ಮುಗಿಸಿ, ಮತ್ತೆ ಸಂಪಿಗೆ ಇಳಿಯುತ್ತದೆ. ಜಾರಿಸುವುದು, ತಂಪುಗೊಳಿಸುವುದು, ಕೊಳೆಯನ್ನು ತೊಳೆದು ತರುವುದು, ಈ ಮೂರೂ ಎಣ್ಣೆಯ ಕೆಲಸಗಳು.

ಕೊಳೆಯು ಎಲ್ಲಿಂದ ಬರುತ್ತದೆ?

ಮುಚ್ಚಿದ ಎಂಜಿನ್ನಿನೊಳಗೆ ಕೊಳೆ ಹೇಗೆ ಬಂತೆಂದು ನೀವು ಕೇಳಬಹುದು. ಲೋಹವು ಸವೆದು ಬಿದ್ದ ಕಣಗಳು, ಪೆಟ್ರೋಲು ಉರಿದು ಆದ ಮಸಿ, ಗಾಳಿಯೊಡನೆ ನುಸುಳಿದ ಧೂಳು, ಇವೇ ಮೂಲಗಳು. ಬೇಸಿಗೆಯಲ್ಲಿ ಅಕ್ಕಲಕೋಟೆ, ಜತ್ತಗಳ ಕಡೆಯ ಹಾದಿಗಳಲ್ಲಿ ಏಳುವ ಧೂಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಉಸುಕಿನ ಕಣವು ಕಬ್ಬಿಣಕ್ಕಿಂತ ಗಟ್ಟಿ. ಅದು ಬೇರಿಂಗಿನಲ್ಲಿ ಸಿಕ್ಕಿದರೆ ಸಾಣೆಕಲ್ಲಿನಂತೆ ಅದನ್ನು ತೇಯುತ್ತದೆ.

ಕಣಗಳನ್ನು ಅಳೆಯುವ ಮಾನಕ್ಕೆ ಮೈಕ್ರಾನು ಎಂದು ಹೆಸರು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರಾನು. ಸಾಮಾನ್ಯ ಫಿಲ್ಟರು 20ರಿಂದ 40 ಮೈಕ್ರಾನಿನ ಕಣಗಳಲ್ಲಿ ಬಹುಭಾಗವನ್ನು ಹಿಡಿಯುತ್ತದೆ. ಮಸಿಯ ಕಣವು ಇದಕ್ಕಿಂತ ಎಷ್ಟೋ ಸೂಕ್ಷ್ಮವಾದುದು. ಅದು ಫಿಲ್ಟರನ್ನು ದಾಟಿ ಹೋಗುತ್ತದೆ. ಹಾಲು ಸೋಸುವ ಅರಿವೆಯು ಕಸವನ್ನು ಹಿಡಿದೀತು. ಹಾಲಿಗೆ ಬೆರೆಸಿದ ನೀರನ್ನು ಹಿಡಿಯಲಾರದು. ಹಾಗೆಯೇ ಎಣ್ಣೆಯಲ್ಲಿ ಸೇರಿದ ಆಮ್ಲ, ನೀರು, ಪೆಟ್ರೋಲುಗಳನ್ನು ಫಿಲ್ಟರು ತೆಗೆಯಲಾರದು. ಆದುದರಿಂದಲೇ ಫಿಲ್ಟರಿನ ಜೊತೆಗೆ ಎಣ್ಣೆಯನ್ನೂ ಬದಲಿಸಬೇಕು. ಹೊಸ ಫಿಲ್ಟರಿಗೆ ಹಳೆಯ ಎಣ್ಣೆ ಹಾಕುವುದು ಸ್ನಾನ ಮಾಡಿ ಮೈಲಿಗೆಯ ಬಟ್ಟೆ ಉಟ್ಟಂತೆ.

ಫಿಲ್ಟರಿನ ಒಳರಚನೆ

ಮೊದಲಿನ ಮೋಟಾರುಗಳಿಗೆ ಇಂಥ ಫಿಲ್ಟರು ಇರಲಿಲ್ಲ. ಎಣ್ಣೆಯನ್ನು ಮೇಲಿಂದ ಮೇಲೆ ಚೆಲ್ಲಿ ಹೊಸದನ್ನು ಹಾಕಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬಿಬ್ಬರು ಮೋಟಾರಿಗಾಗಿ ಎಣ್ಣೆ ಸೋಸುವ ಸಾಧನವನ್ನು ರಚಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ತಿರುಪಿ ಕೂಡಿಸುವ ಇಂದಿನ ಡಬ್ಬಿಯು 1950ರ ದಶಕದಲ್ಲಿ ಬಳಕೆಗೆ ಬಂದಿತು.

ಡಬ್ಬಿಯೊಳಗೆ ಮಡಿಕೆ ಮಡಿಕೆಯಾಗಿ ಮಡಿಸಿದ ವಿಶೇಷ ಕಾಗದವಿರುತ್ತದೆ. ಮಡಿಸುವುದರಿಂದ ಸಣ್ಣ ಜಾಗದಲ್ಲಿ ವಿಸ್ತಾರವಾದ ಸೋಸುವ ಮೈ ದೊರೆಯುತ್ತದೆ. ಸುತ್ತಲಿನ ತೂತುಗಳಿಂದ ಎಣ್ಣೆಯು ಒಳಹೊಕ್ಕು, ಕಾಗದವನ್ನು ದಾಟಿ, ನಡುವಿನ ತೂತಿನಿಂದ ಹೊರಬೀಳುತ್ತದೆ. ಇದಲ್ಲದೆ ಎರಡು ಬಾಗಿಲುಗಳುಂಟು. ಎಂಜಿನ್ನು ನಿಂತಾಗ ಡಬ್ಬಿಯ ಎಣ್ಣೆ ಹಿಂದಕ್ಕೆ ಸೋರಿಹೋಗದಂತೆ ತಡೆಯುವುದು ಒಂದು ರಬ್ಬರಿನ ಬಾಗಿಲು. ಅದು ಕೆಟ್ಟರೆ ಬೆಳಗಿನಲ್ಲಿ ಎಂಜಿನ್ನು ಚಾಲೂ ಮಾಡಿದೊಡನೆ ಎಣ್ಣೆಯು ಮೇಲೇರಲು ತಡವಾಗಿ ಕಟಕಟ ಸದ್ದು ಕೇಳಿಸುತ್ತದೆ. ಇನ್ನೊಂದು ಸ್ಪ್ರಿಂಗಿನ ಬಾಗಿಲು. ಕೆಲವು ಎಂಜಿನ್ನುಗಳಲ್ಲಿ ಇದು ಡಬ್ಬಿಯ ಬದಲು ಎಂಜಿನ್ನಿನ ಮೈಯಲ್ಲಿಯೇ ಇರುವುದುಂಟು. ಕಾಗದವು ಕೊಳೆಯಿಂದ ಕಟ್ಟಿಹೋದರೆ ಇದು ತೆರೆದುಕೊಂಡು ಎಣ್ಣೆಯನ್ನು ಸೋಸದೆಯೇ ಬಿಡುತ್ತದೆ. ಬೇರಿಂಗಿಗೆ ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯ ಎಣ್ಣೆ ಲೇಸೆಂಬುದು ಇದರ ತತ್ವ. ಆದರೆ ಕಟ್ಟಿಹೋದ ಫಿಲ್ಟರಿನಿಂದಲೇ ಗಾಡಿ ಓಡಿಸುವವನು ತಾನು ಫಿಲ್ಟರು ಹಾಕಿದ್ದೇನೆಂದು ಭ್ರಮಿಸುವನಷ್ಟೆ. ಅವನ ಗಾಡಿಗೆ ಫಿಲ್ಟರು ಇದ್ದೂ ಇಲ್ಲದಂತೆ.

ಆಯ್ಕೆ ಮಾಡುವ ಬಗೆ

ಅಂಗಡಿಯಲ್ಲಿ ಡಬ್ಬಿಗಳು ನೋಡುವುದಕ್ಕೆ ಒಂದೇ ತೆರನಾಗಿ ಕಾಣುವುವು. ಕಣ್ಣಳತೆಯನ್ನು ನಂಬಬಾರದು. ಒಂದರ ತಿರುಪು 20 ಮಿಲಿಮೀಟರಿನದು, ಇನ್ನೊಂದರದು ಮುಕ್ಕಾಲು ಇಂಚಿನದು, ಎಂದರೆ 19.05 ಮಿಲಿಮೀಟರು. ಭೇದವು ಒಂದು ಮಿಲಿಮೀಟರಿಗೂ ಕಡಿಮೆ. ಆದರೆ ತಪ್ಪಾದ ಡಬ್ಬಿಯು ಹಿಡಿದಂತೆ ತೋರಿ ಓಡುವಾಗ ಸಡಿಲಾಗಬಹುದು. ಗಾಸ್ಕೆಟ್ಟಿನ ಅಗಲ, ಸ್ಪ್ರಿಂಗಿನ ಬಾಗಿಲು ತೆರೆಯುವ ಒತ್ತಡ, ಇವೂ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಆದುದರಿಂದ ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಅದನ್ನೇ ಕೇಳತಕ್ಕದ್ದು.

ನಕಲಿ ಮಾಲು ಪೇಟೆಯಲ್ಲಿ ಉಂಟು. ಅಕ್ಷರಗಳು ಮಸುಕಾದ ಪೆಟ್ಟಿಗೆ, ನೆಗ್ಗಿದ ಡಬ್ಬಿ, ಗಾಳದಲ್ಲಿ ಸರಿಯಾಗಿ ಕೂಡದ ಗಾಸ್ಕೆಟ್ಟು, ಒಳಗೆ ಅಲುಗಾಡುವ ಸದ್ದು, ಇವು ಕಂಡರೆ ಕೊಳ್ಳಬಾರದು. ಪರಿಚಯದ ಅಂಗಡಿಯಲ್ಲಿ ಕೊಂಡು ರಸೀದಿ ಪಡೆಯಬೇಕು. ಫಿಲ್ಟರಿನ ಬೆಲೆಯಲ್ಲಿ ಉಳಿಸಿದ ಹತ್ತಿಪ್ಪತ್ತು ರೂಪಾಯಿಯು ಎಂಜಿನ್ನು ಬಿಚ್ಚಿಸುವ ಖರ್ಚಿನ ಮುಂದೆ ಯಾವ ಲೆಕ್ಕಕ್ಕೂ ಬಾರದು.

ನಮಗೊದಗಿದ ಆಪತ್ತು

ನಮ್ಮ ನಾಲ್ವರು ಬಾಲಕಿಯರು 100 ಮೀಟರಿನ ನಾಲ್ಕು ಸರದಿಗಳ ರಿಲೇ ಓಟಕ್ಕಾಗಿ ಎರಡು ತಿಂಗಳು ಅಭ್ಯಾಸ ಮಾಡಿದ್ದರು. ಸ್ಪರ್ಧೆಯ ಹಿಂದಿನ ದಿನ ವ್ಯಾನಿನ ಎಣ್ಣೆ, ಫಿಲ್ಟರುಗಳನ್ನು ಹೊರಗೆ ಬದಲಿಸಿ ತರಿಸಿದ್ದೆವು. ಮರುದಿನ ಬೆಳಗ್ಗೆ ಶಿಕ್ಷಕಿಯೊಡನೆ ಅವರು ಹೊರಟರು. ಅರ್ಧ ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹೊತ್ತಿಕೊಂಡಿತು. ನಮ್ಮ ಚಾಲಕನು ಮುಂದಿನ ಊರಿನವರೆಗೆ ನೋಡೋಣವೆನ್ನದೆ ಆ ಕ್ಷಣವೇ ರಸ್ತೆಯ ಅಂಚಿಗೆ ತಂದು ಎಂಜಿನ್ನು ಆರಿಸಿದನು. ಇಳಿದು ನೋಡಿದರೆ ಹಿಂದಿನ ಹಾದಿಯುದ್ದಕ್ಕೂ ಎಣ್ಣೆಯ ಗೆರೆ. ಎಂಜಿನ್ನು ಉಳಿಯಿತು, ಓಟವು ತಪ್ಪಿತು. ಬೇರೆ ಗಾಡಿ ದೊರೆತು ಅವರು ತಲಪುವ ವೇಳೆಗೆ ಅವರ ಸರದಿ ಮುಗಿದಿತ್ತು.

ಫಿಲ್ಟರು ಬಿಚ್ಚಿದಾಗ ಕಾರಣ ತಿಳಿಯಿತು. ಹಳೆಯ ಫಿಲ್ಟರಿನ ಗಾಸ್ಕೆಟ್ಟು ಎಂಜಿನ್ನಿನ ಮೈಗೆ ಅಂಟಿಕೊಂಡೇ ಉಳಿದಿತ್ತು. ಅದರ ಮೇಲೆಯೇ ಹೊಸದನ್ನು ಕೂಡಿಸಲಾಗಿತ್ತು. ಕೆಲಸ ಮಾಡಿದವರನ್ನು ಮಾತ್ರ ದೂರಲಾರೆವು. ಗಾಡಿ ಬಂದ ಮೇಲೆ ಎಂಜಿನ್ನು ಚಾಲೂ ಮಾಡಿ ಒಮ್ಮೆ ಬಗ್ಗಿ ನೋಡಿದ್ದರೆ ಒಂದು ಹನಿಯಾದರೂ ಕಾಣುತ್ತಿತ್ತು. ಆ ತಪ್ಪು ನಮ್ಮದು. ಬಾಲಕಿಯರೆದುರು ಅದನ್ನು ಒಪ್ಪಿಕೊಂಡೆವು.

ಆಗ ಅವರಲ್ಲೊಬ್ಬಳು, "ಸರ್, ಗಾಸ್ಕೆಟ್ಟು ಒಂದರ ಬದಲು ಎರಡಾದರೆ ಇನ್ನೂ ಬಿಗಿಯಾಗಬೇಕಲ್ಲವೇ?" ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ! ಹೊಸ ಗಾಸ್ಕೆಟ್ಟನ್ನು ಡಬ್ಬಿಯ ಗಾಳವು ಹಿಡಿದಿರುತ್ತದೆ. ಹಳೆಯದಕ್ಕೆ ಅಂಥ ಆಧಾರವಿಲ್ಲ. ಎರಡರ ನಡುವೆ ಎಣ್ಣೆಯಿದ್ದು ಜಾರಿಕೆಯೂ ಹೆಚ್ಚು. ತಣ್ಣಗಿರುವಾಗ ಎಣ್ಣೆ ಮಂದವಾಗಿದ್ದು ಒತ್ತಡ ಏರುತ್ತದೆ; ಆ ಒತ್ತಡವು ಆಧಾರವಿಲ್ಲದ ರಬ್ಬರನ್ನು ಪಕ್ಕಕ್ಕೆ ನೂಕಿಬಿಡುತ್ತದೆ. ಗೋಡೆಗೆ ಎರಡು ಇಟ್ಟಿಗೆ ಒಳ್ಳೆಯದು. ಆದರೆ ಗಾರೆಯಿಲ್ಲದ ಇಟ್ಟಿಗೆ ನಿಲ್ಲಲಾರದು.

ಬದಲಿಸುವ ಕ್ರಮ

ಈ ಕೆಲಸವನ್ನು ವಿದ್ಯಾರ್ಥಿಗಳು ಬಲ್ಲವರಾದ ಹಿರಿಯರೊಡನೆ ಮಾತ್ರ ಮಾಡಬೇಕು.

1. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಗಳಿಗೆ ಅಡ್ಡಕಲ್ಲು ಇಡಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಬೇಕು.

2. ಎಂಜಿನ್ನನ್ನು ಕೆಲವು ಮಿನಿಟು ಓಡಿಸಿ ಆರಿಸಿದರೆ ಎಣ್ಣೆ ತೆಳುವಾಗಿ ಚೆನ್ನಾಗಿ ಹರಿಯುತ್ತದೆ. ಸುಡುವಷ್ಟು ಬಿಸಿಯಿರುವಾಗ ಕೈಯಿಡಬಾರದು.

3. ಕೆಳಗೆ ಅಗಲವಾದ ಪಾತ್ರೆಯಿಟ್ಟು ಸಂಪಿನ ಬೋಲ್ಟನ್ನು ಪಾನಾದಿಂದ ಸಡಿಲಿಸಿ ಎಣ್ಣೆಯನ್ನು ಪೂರ್ತಿ ಇಳಿಸಬೇಕು. ಬಳಿಕ ಬೋಲ್ಟಿಗೆ ಹೊಸ ವಾಷರು ಹಾಕಿ ಬಿಗಿಯಬೇಕು.

4. ಫಿಲ್ಟರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ತೆಗೆಯಬೇಕು. ಹಳೆಯ ಗಾಸ್ಕೆಟ್ಟು ಡಬ್ಬಿಯೊಡನೆ ಬಂದಿತೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ಮಾತ್ರವಲ್ಲ, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಕೂಡುವ ಜಾಗವನ್ನು ನೂಲು ಬಿಡದ ಅರಿವೆಯಿಂದ ಒರೆಸಬೇಕು.

5. ಹೊಸ ಗಾಸ್ಕೆಟ್ಟಿಗೆ ಹೊಸ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಒಣಗಿದ ರಬ್ಬರು ತಿರುಗಿಸುವಾಗ ಮಡಚಿಕೊಳ್ಳುತ್ತದೆ. ಕೈಯಿಂದಲೇ ತಿರುಪಿ, ಗಾಸ್ಕೆಟ್ಟು ಎಂಜಿನ್ನಿನ ಮೈಯನ್ನು ಮುಟ್ಟಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿಯಬೇಕು. ಅತಿಯಾಗಿ ಬಿಗಿದರೆ ಗಾಸ್ಕೆಟ್ಟು ಹಿಸುಕಿಹೋಗುವುದು; ಮುಂದೆ ಬಿಚ್ಚುವುದೂ ಕಷ್ಟ.

6. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆ ತುಂಬಿ ಎಂಜಿನ್ನು ಚಾಲೂ ಮಾಡಬೇಕು, ರಭಸ ಕೊಡಬಾರದು. ಕೆಂಪು ದೀಪವು ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಒಡನೆ ನಿಲ್ಲಿಸಬೇಕು. ಆಮೇಲೆ ಬಗ್ಗಿ ಸೋರಿಕೆಯನ್ನು ನೋಡಬೇಕು.

7. ಎಂಜಿನ್ನು ಆರಿಸಿ ಐದು ಮಿನಿಟು ಬಿಟ್ಟು ಅಳತೆಯ ಕಡ್ಡಿಯಿಂದ ಮಟ್ಟ ಪರೀಕ್ಷಿಸಬೇಕು. ಎಣ್ಣೆಯು ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ಮೀರಿದರೆ ದಂಡವು ಅದನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ. ನೊರೆಯು ಬೇರಿಂಗನ್ನು ಕಾಯಲಾರದು.

8. ತಾರೀಖು, ಓಡಿದ ಕಿಲೋಮೀಟರು ಎರಡನ್ನೂ ಬರೆದಿಡಬೇಕು. ಮುಂದಿನ ಬದಲಾವಣೆಯ ಅವಧಿಗೆ ಕೈಪಿಡಿಯೇ ಪ್ರಮಾಣ. ಧೂಳಿನ ಹಾದಿಯಲ್ಲಿ ಓಡುವ ಗಾಡಿಗೆ ಅದರಲ್ಲಿ ಹೆಚ್ಚಾಗಿ ಕಡಿಮೆ ಅವಧಿಯನ್ನು ಹೇಳಿರುತ್ತದೆ.

ಹಳೆಯ ಎಣ್ಣೆಯನ್ನು ಹೊಲದಲ್ಲಾಗಲಿ, ಗಟಾರದಲ್ಲಾಗಲಿ ಚೆಲ್ಲಬಾರದು. ಅದು ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸುತ್ತದೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಬಳಸಿದ ಎಣ್ಣೆಯನ್ನೂ ಸೇರಿಸಿದೆ. ಹಳೆಯ ಫಿಲ್ಟರನ್ನು ಬೋರಲಿಟ್ಟು ಎಣ್ಣೆ ಬಸಿದು, ಎರಡನ್ನೂ ಮುಚ್ಚಿದ ಡಬ್ಬಿಗಳಲ್ಲಿ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಬಳಸಿದ ಎಣ್ಣೆಯು ಬಹುಕಾಲ ಚರ್ಮಕ್ಕೆ ತಗಲುವುದು ಹಾನಿಕರ.

ಪಾಲಕರಿಗೆ ಒಂದು ಮಾತು

ಆ ರೈತ ಬಂಧುಗಳ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇವೆ. ಗ್ಯಾರೇಜಿನಲ್ಲಿ ನಿಮ್ಮ ಮಗನು ಮರಾಠಿಯ ಮಾತನ್ನು ಒಂದು ತಿಂಗಳಲ್ಲಿ ಕಲಿತಾನು; ಡಬ್ಬಿಯ ಮೇಲಿನ ಇಂಗ್ಲಿಷನ್ನೂ ಓದಿಯಾನು. ಅವೆರಡೂ ಅವನಿಗೆ ಬೇಕು, ನಾವೂ ಕಲಿಸುತ್ತಿದ್ದೇವೆ. ಆದರೆ "ಎರಡಾದರೆ ಇನ್ನೂ ಬಿಗಿಯಾಗಬೇಕಲ್ಲವೇ?" ಎಂಬ ಪ್ರಶ್ನೆಯು ಆ ಬಾಲಕಿಗೆ ಹುಟ್ಟಿದ್ದು ತಾಯಿನುಡಿಯಲ್ಲಿ. ಏಕೆ, ಹೇಗೆ ಎಂದು ಕೇಳುವ ಅಭ್ಯಾಸವು ಮನೆಯ ಮಾತಿನಲ್ಲಿ ಬೇರೂರಿದರೆ ಅದು ಯಾವ ಊರಿನ ಗ್ಯಾರೇಜಿಗಾದರೂ ಜೊತೆಗೆ ಹೋಗುತ್ತದೆ.

ಈ ವರ್ಷ ನಮ್ಮ ವ್ಯಾನಿನ ಫಿಲ್ಟರನ್ನು ಚಾಲಕನೂ ಒಬ್ಬ ಅನುಭವಿ ಮಿಸ್ತ್ರಿಯೂ ಶಾಲೆಯ ಅಂಗಳದಲ್ಲಿಯೇ ಬದಲಿಸಿದರು. ಮೇಲಿನ ತರಗತಿಯವರು ಸುತ್ತಲೂ ನಿಂತು ನೋಡಿದರು. ಹಳೆಯ ಗಾಸ್ಕೆಟ್ಟು ಹೊರಬಂದಿತೆಂದು ಎಲ್ಲರಿಗೂ ತೋರಿಸಿದವಳು ಪ್ರಶ್ನೆ ಕೇಳಿದ ಆ ಬಾಲಕಿಯೇ. ಮರುದಿನ ರಿಲೇ ಓಟಕ್ಕೆ ಅದೇ ವ್ಯಾನು ಹೊರಟು ಸಕಾಲಕ್ಕೆ ಮುಟ್ಟಿತು.

ಅಭ್ಯಾಸ

1. ಫಿಲ್ಟರಿನ ಕಾಗದವನ್ನು ಮಡಿಸಿರುವುದೇಕೆ?
2. ಎಣ್ಣೆ ಕಪ್ಪಾದ ಮಾತ್ರಕ್ಕೆ ಫಿಲ್ಟರು ಕೆಟ್ಟಿತೆನ್ನಬಹುದೇ? ಕಾರಣ ಕೊಡಿರಿ.
3. ಸ್ಪ್ರಿಂಗಿನ ಬಾಗಿಲು ಇಲ್ಲದಿದ್ದರೆ ಏನಾಗುತ್ತಿತ್ತು?
4. ನಿಮ್ಮ ಮನೆಯ ಅಥವಾ ನೆರೆಯವರ ಗಾಡಿಯಲ್ಲಿ ಎಣ್ಣೆ ಬದಲಿಸಿದ ತಾರೀಖನ್ನು ಕೇಳಿ ಬರೆದು ತನ್ನಿರಿ.